ಗೋಧಿಯನ್ನು ಗಡಿಪಾರು ಮಾಡಿ ಬೇಯಿಸಿದ ಗಜ್ಜರಿ ಕೇಕು

"ಕೇಕು ಮಾಡೋದು ಏನ್ ಮಹಾ!" ಎಂದು ನಾನು ಐದು ಜನರ ಮುಂದೆ ಹೇಳಿದೆ. ಆ ಐದೂ ಜನ ಇನ್ನೂ ಗಟ್ಟಿಮುಟ್ಟಾಗಿ ಬದುಕಿದ್ದಾರೆ. ಅದೇ ತೊಂದರೆ.

ಹೇಳಿದ್ದು ಭಾಲ್ಕಿಯ ನಮ್ಮ ಚರ್ಚಿನ ಅಂಗಳದಲ್ಲಿ. ಅಂದು ಯಾರದೋ ಮಗುವಿನ ಬರ್ತಡೇ. ಪ್ರಾರ್ಥನೆ ಮುಗಿದ ಮೇಲೆ ಕೇಕು ಹಂಚಿದರು. ಉಳಿದ ಮಕ್ಕಳೆಲ್ಲ ಮೂಗಿನ ತುದಿಗೆ ಕ್ರೀಮು ಹಚ್ಚಿಕೊಂಡು ತಿನ್ನುತ್ತಿದ್ದರೆ ನನ್ನ ಮೊಮ್ಮಗಳು ರೂತಿ ಗೋಡೆಗೆ ಒರಗಿ ಬಾಳೆಹಣ್ಣು ಸುಲಿಯುತ್ತಿದ್ದಳು. ಅವಳಿಗೆ ಗೋಧಿ ಆಗುವುದಿಲ್ಲ. ಮೈದಾ, ರವೆ, ಶ್ಯಾವಿಗೆ ಯಾವುದೂ ಆಗುವುದಿಲ್ಲ. ಒಂದು ಚಿಟಿಕೆ ಹೊಟ್ಟೆಗೆ ಹೋದರೂ ತೊಂದರೆ ಎಂದು ಬೀದರಿನ ಡಾಕ್ಟರು ಹೇಳಿದ್ದಾರೆ. ಚಿಟಿಕೆಯಿಂದ ಏನಾದೀತು ಎಂದು ಮೊದಲು ನಾನೂ ನಂಬಿರಲಿಲ್ಲ. ಹಿಂದಿನ ವರ್ಷ ಅವಳು ಯಾರದೋ ತಟ್ಟೆಯಿಂದ ಒಂದು ತುಣುಕು ಕೇಕು ಕದ್ದು ತಿಂದು, ನಾಲ್ಕು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಆಮೇಲೆ ನಂಬಿದೆ.

ಬಾಳೆಹಣ್ಣು ಮುಗಿಸಿ ಅವಳು ಕೇಳಿದಳು: "ಆಯಿ, ಬರೋ ಐತವಾರ ನನ್ನ ಬರ್ತಡೇ ಅಲ್ಲಾ? ನಾ ಏನ್ ಕೊಯ್ಲಿ? ಬಾಳಿಹಣ್ಣಿಗೇ ಮೇಣಬತ್ತಿ ಚುಚ್ಚಲೇನು?"

ಅಳುತ್ತ ಕೇಳಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ. ಅವಳು ಸಾಲೆಯ ಪಾಠದಲ್ಲಿ ಅನುಮಾನ ಬಂದವರಂತೆ ಕೇಳಿದಳು. ನನ್ನ ಬಾಯಿ ಜಾರಿದ್ದು ಆಗ.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಔರಾದ ಕಡೆಯ ನಮ್ಮ ಹಳ್ಳಿ ಡಾಬಕಾದಲ್ಲಿ ಬಾವಿಯ ತಳ ಕಂಡ ಮೇಲೆ ನಾವು ಭಾಲ್ಕಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದೆವು. ಮಗ, ಸೊಸೆ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗಿದ್ದರು. ಅಲ್ಲಿ ಬೆಳಿಗ್ಗೆ ಪಾವು, ಮಧ್ಯಾಹ್ನ ಚಪಾತಿ, ಸಂಜೆಗೆ ಮತ್ತೆ ಚಪಾತಿ. ಹಾಗಾಗಿ ರೂತಿ ನನ್ನ ಹತ್ತಿರ ಜೋಳದ ರೊಟ್ಟಿಗೆ ಉಳಿದಳು.

ಪಕ್ಕದ ಮನೆಯ ಜುಬೇದಾ ತನ್ನ ಮೊಬೈಲಿನಲ್ಲಿ ಗೋಧಿ ಇಲ್ಲದ ಗಜ್ಜರಿ ಕೇಕು ಹುಡುಕಿ ತೋರಿಸಿದಳು. ಅದರಲ್ಲಿದ್ದ ಹೆಣ್ಣುಮಗಳು ನಗುನಗುತ್ತಾ ಒಂದು ಬೋಗುಣಿ ಬದಾಮಿ ಹಿಟ್ಟು ಸುರಿದಳು. ನಮ್ಮಲ್ಲಿ ಬದಾಮಿ ತಿನ್ನುವುದು ಬಾಣಂತಿ, ಅದೂ ಎರಡೇ ಎರಡು.

"ಬದಾಮಿ ಯಾಕ? ಮುತ್ತು ರತ್ನ ಕುಟ್ಟಿ ಹಾಕು" ಎಂದರು ನಮ್ಮ ಯಜಮಾನರು, ಮಂಚದ ಮೇಲಿಂದ.

ಜುಬೇದಾ ಅವರಿಗೆ ಕಿವಿಗೊಡದೆ ಓದಿ ಹೇಳಿದಳು. "ಗೋಧಿದಾಗ ಒಂದ್ ಅಂಟು ಇರ್ತದಂತ್ರಿ ಅಕ್ಕಾ. ಗ್ಲುಟೆನ್ ಅಂತಾರ. ಅದೇ ಈ ಹುಡುಗಿಗಿ ಆಗಲ್ದು. ಅಂಟು ಇಲ್ದ ಹಿಟ್ಟು ಬೇಕಂತ."

ನಾನು ನಕ್ಕುಬಿಟ್ಟೆ. ಹಳೆಯ ಜೋಳದ ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಹರಿಯುತ್ತದೆ ಎಂದು ಐವತ್ತು ವರ್ಷ ಗುದ್ದಾಡಿದವಳು ನಾನು. ಅಂಟಿಲ್ಲದ ಹಿಟ್ಟಿನ ವಿಷಯದಲ್ಲಿ ನನಗಿಂತ ದೊಡ್ಡ ಪಂಡಿತರು ಯಾರಿದ್ದಾರೆ? ಸಾಲೆಯನ್ನು ನಾಲ್ಕನೆಯ ಇಯತ್ತೆಗೇ ಬಿಟ್ಟಿರಬಹುದು, ರೊಟ್ಟಿಯನ್ನು ಬಿಟ್ಟಿಲ್ಲ. ಜೋಳದ ಕೇಕು ಮಾಡುವುದು ಎಂದು ಸರ್ವಾನುಮತದಿಂದ ನಿರ್ಧರಿಸಿದೆ. ಮತ ಹಾಕಿದವಳು ನಾನೊಬ್ಬಳೇ.

ಶುಕ್ರವಾರ ಜೋಳ ಹೊತ್ತು ಗಿರಣಿಗೆ ಹೋದೆ. ನಮ್ಮ ಓಣಿಯ ಗಿರಣಿಗೆ ಬೀಗ; ಅದರ ಯಜಮಾನ ಹೈದರಾಬಾದಿಗೆ ಕೂಲಿಗೆ ಹೋಗಿದ್ದ. ಆಚೆ ಓಣಿಯ ಗಿರಣಿಯಲ್ಲಿ ನನಗಿಂತ ಮುಂದೆ ನಿಂತವರದು ಗೋಧಿ.

"ತಮ್ಮಾ, ಗೋಧಿ ಬೀಸಿದ ಮ್ಯಾಲ ನನ್ನ ಜೋಳ ಹಾಕಬ್ಯಾಡ. ಮೊದಲ ಗಿರಣಿ ತೊಳಿ" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಆಯಿ, ಊರಿಗಿ ಕುಡಿಲಾಕ ನೀರ್ ಸಿಗವಲ್ದು, ನಾ ಗಿರಣಿಗಿ ಜಳಕ ಮಾಡ್ಸ್ಲೇನ್ರಿ?"

ಜೋಳ ಹೊತ್ತು ವಾಪಸು ಬಂದೆ. ಮನೆಯಲ್ಲಿ ಬೀಸುಕಲ್ಲು ಇತ್ತು. ನೀರಿನ ಬ್ಯಾರಲ್ಲಿನ ಮುಚ್ಚಳ ಗಾಳಿಗೆ ಹಾರದಂತೆ ಅದನ್ನು ಮೇಲೆ ಹೇರಿ ಇಟ್ಟಿದ್ದೆವು. ಟ್ಯಾಂಕರು ವಾರಕ್ಕೊಮ್ಮೆ ಬರುವ ಕಾಲ. ಆ ಮುಚ್ಚಳ ಹಾರಿದರೆ ನೀರೂ ಹೋಯಿತು, ಮಾನವೂ ಹೋಯಿತು. ಆದರೂ ಕಲ್ಲು ಇಳಿಸಿದೆ, ತೊಳೆದೆ, ಒಂದು ಬದಿಗೆ ನಾನು ಕೂತೆ, ಎದುರಿಗೆ ಯಜಮಾನರನ್ನು ಕೂಡಿಸಿದೆ. ನಲವತ್ತೈದು ವರ್ಷದ ಸಂಸಾರದಲ್ಲಿ ಅವರು ಬೀಸುಕಲ್ಲಿನ ಗೂಟ ಹಿಡಿದದ್ದು ಅದೇ ಮೊದಲು.

"ಹಾಡು ಬ್ಯಾರೆ ಹೇಳಲೇನು?" ಎಂದರು.

"ಬ್ಯಾಡ್ರಿ. ಹಿಟ್ಟು ಕೆಡ್ತದ" ಎಂದೆ.

ಆಮೇಲೆ ಗಡಿಪಾರಿನ ಆದೇಶ ಹೊರಡಿಸಿದೆ. ಗೋಧಿ ಹಿಟ್ಟಿನ ಡಬ್ಬಿ, ರವೆ, ಶ್ಯಾವಿಗೆ, ಯಜಮಾನರು ಚಹಾದಲ್ಲಿ ಅದ್ದುವ ಬಿಸ್ಕೀಟು, ಎಲ್ಲವನ್ನೂ ಗೋಡೆಯಾಚೆ ಜುಬೇದಾಳ ಮನೆಗೆ ಸಾಗಿಸಿದೆ. ಅಡುಗೆಮನೆ ತಿಕ್ಕಿ ತಿಕ್ಕಿ ಒರೆಸಿದೆ. ಚಪಾತಿ ಬಿಟ್ಟಿರಲಾರದ ಯಜಮಾನರು ಎರಡು ದಿನ ಜುಬೇದಾಳ ಕಟ್ಟೆಯ ಮೇಲೆ ಉಂಡರು. ಬಾಯಿ ಮುಕ್ಕಳಿಸಿ, ಅಂಗಿ ಝಾಡಿಸಿದ ಮೇಲಷ್ಟೇ ಒಳಗೆ ಪ್ರವೇಶ. ನಾನು ಹೊಸ್ತಿಲಲ್ಲಿ ನಿಂತು ತಪಾಸಣೆ ಮಾಡುತ್ತಿದ್ದೆ.

"ಸರಹದ್ದಿನ ಮ್ಯಾಲೂ ಇಷ್ಟು ಕಾವಲ ಇರಂಗಿಲ್ಲ" ಎಂದರು.

"ಮೀಸಿ ಒರಸ್ಕೋರಿ. ಅಲ್ಲಿ ಒಂದ್ ಚೂರದ" ಎಂದೆ.

ಶನಿವಾರ ಗಜ್ಜರಿ ಬಂತು. ಆ ವರ್ಷದ ಗಜ್ಜರಿ ಇಲಿಯ ಬಾಲದಷ್ಟು ದಪ್ಪ, ಕಟ್ಟಿಗೆಯಷ್ಟು ಮೆತ್ತಗೆ! ತುರಿದೆ. ಬೆಲ್ಲ ಕುಟ್ಟಿದೆ. ಜೋಳದ ಹಿಟ್ಟನ್ನು ಪರಾತಕ್ಕೆ ಸುರಿದೆ. ಇಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತ.

ತಪ್ಪು ಮಾಡಿದ್ದು ತಲೆಯಲ್ಲ, ಕೈ. ಜೋಳದ ಹಿಟ್ಟು ಕಂಡ ಕೂಡಲೇ ನನ್ನ ಕೈ ಅದರ ನಡುವೆ ಕುಣಿ ತೋಡಿತು, ಒಲೆಯ ಮೇಲಿನ ಕುದಿಯುವ ಎಸರು ತಂದು ಸುರಿಯಿತು. ಸುರಿದ ಮೇಲೆ ಮೊಟ್ಟೆ ಒಡೆದು ಹಾಕಿದೆ. ಮೊಟ್ಟೆ ಅಲ್ಲೇ ಬೆಂದು ದಾರದಾರವಾಯಿತು. ಗಾಬರಿಯಾಗಿ ನಾದಿದೆ. ನಾದಿದ್ದು ಗಟ್ಟಿಯಾಯಿತು. ಗಟ್ಟಿಯಾದದ್ದನ್ನು ಕೈ ತಟ್ಟಿಬಿಟ್ಟಿತು! ಅದನ್ನೇ ಸ್ಟೀಲಿನ ತಾಟಿಗೆ ಹಾಕಿ, ಬೋಗುಣಿಯೊಳಗೆ ಮರಳಿನ ಮೇಲಿಟ್ಟು, ಮುಚ್ಚಿ ಬೇಯಿಸಿದೆ. ಮುಚ್ಚಳದ ಸಂದಿನಿಂದ ಬಿಸಿಯೆಲ್ಲ ಹೊರಗೆ ಹೋಯಿತು. ತೆಗೆದು ನೋಡಿದರೆ ಒಂದು ಬೊಟ್ಟು ದಪ್ಪದ, ಅಲ್ಲಲ್ಲಿ ಕೆಂಪು ಚುಕ್ಕಿ ಇದ್ದ ರೊಟ್ಟಿ.

ಯಜಮಾನರು ಅದನ್ನು ಬೆರಳಿನಿಂದ ಬಡಿದರು. ಟಣ್ ಎಂದಿತು. "ಇದರ ಜೋಡಿ ಪುಂಡಿಪಲ್ಯ ಚಲೋ ಆಗ್ತದ" ಎಂದರು.

"ಬಾಯಿ ಮುಚ್ರಿ."

ಅವರು ಬಾಯಿ ಮುಚ್ಚಿದರು, ಬ್ಯಾರಲ್ಲನ್ನೂ ಮುಚ್ಚಿದರು. ಬೀಸುಕಲ್ಲು ಒಳಗೆ ಬಂದಾಗಿನಿಂದ ಬ್ಯಾರಲ್ಲಿನ ಮುಚ್ಚಳಕ್ಕೆ ಭಾರ ಇರಲಿಲ್ಲವಲ್ಲ! ನನ್ನ ಮೊದಲ ಕೇಕನ್ನು ಒಂದು ಸ್ಟೀಲಿನ ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಅದರ ಮೇಲೆ ಇಟ್ಟುಬಂದರು. ಗಾಳಿ ಬೀಸಿತು. ಮುಚ್ಚಳ ಅಲುಗಲಿಲ್ಲ.

ರೂತಿ ಎಲ್ಲವನ್ನೂ ನೋಡುತ್ತಿದ್ದಳು. "ಇರ್ಲಿ ಬಿಡು ಆಯಿ, ಬಾಳಿಹಣ್ಣೇ ಕೊಯ್ತೀನಿ" ಎಂದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಬಾಳೆಹಣ್ಣಿನ ಮೇಲೆ.

ಭಾನುವಾರ ಬೆಳಿಗ್ಗೆ ಚರ್ಚಿಗೂ ಹೋಗದೆ ಒಲೆಯ ಮುಂದೆ ಕೂತೆ. ದೇವರಿಗೆ ನನ್ನ ವಿಳಾಸ ಗೊತ್ತು. ಈ ಸಲ ಕೈಗೆ ಮೊದಲೇ ತಾಕೀತು ಮಾಡಿದೆ. ಎಸರು ಇಲ್ಲ, ತಟ್ಟುವುದು ಇಲ್ಲ. ಮೊಟ್ಟೆಯನ್ನು ನೊರೆ ಬರುವವರೆಗೆ ಬಡಿದೆ. ಬೆಲ್ಲ, ಎಣ್ಣೆ, ಗಜ್ಜರಿ, ಚಿಟಿಕೆ ಸೋಡಾ, ಏಲಕ್ಕಿ. ಹಿಟ್ಟನ್ನು ಕೊನೆಗೆ, ಮೆಲ್ಲಗೆ.

"ಅಕ್ಕಾ, ನಿನ್ನಿ ಬಿಸಿ ಎಲ್ಲಾ ಹೊರಗ ಹೋಯ್ತು" ಎಂದಳು ಗೋಡೆಯಾಚೆಯಿಂದ ಜುಬೇದಾ. "ನಾವು ಬಿರ್ಯಾನಿಗಿ ದಮ್ ಹಾಕ್ತೀವಲ್ಲಾ, ಹಂಗ ಮಾಡ್ರಿ. ಸಂದಿ ಬಂದ್ ಮಾಡ್ರಿ, ಮ್ಯಾಲ ಕೆಂಡ ಹಾಕ್ರಿ."

"ಹಂಗಾದ್ರ ಒಂದ್ ಹಿಡಿ ಹಿಟ್ಟು ಕೊಡು" ಎಂದೆ. ಕೊಟ್ಟಳು. ಕಲಸಿದೆ, ಹಗ್ಗದಂತೆ ಹೊಸೆದೆ, ಮುಚ್ಚಳದ ಸುತ್ತ ಒತ್ತಿದೆ. ಎಷ್ಟು ಚೆನ್ನಾಗಿ ಅಂಟಿತೆಂದರೆ ಒಂದು ಎಳೆ ಹಬೆ ಹೊರಗೆ ಬರಲಿಲ್ಲ. ನನ್ನ ಕೈಚಳಕಕ್ಕೆ ನಾನೇ ತಲೆದೂಗಿದೆ.

ಪ್ರಾರ್ಥನೆ ಮುಗಿಸಿ ಎಲ್ಲರೂ ನಮ್ಮ ಮನೆಗೆ ಬಂದರು. ಆ ಐದು ಜನರೂ ಬಂದರು. ರೂತಿ ಹಸಿರು ಫ್ರಾಕು ಹಾಕಿಕೊಂಡು ಮುಂದೆ ನಿಂತಳು. ನಾನು ಕೆಂಡ ಸರಿಸಿ, ಮುಚ್ಚಳದ ಸುತ್ತಲಿನ ಒಣಗಿದ ಹಿಟ್ಟನ್ನು ಚಾಕುವಿನಿಂದ ಟಕ ಟಕ ಒಡೆದು, ಎತ್ತಿದೆ.

ಉಬ್ಬಿತ್ತು! ಬಂಗಾರದ ಬಣ್ಣ, ಏಲಕ್ಕಿಯ ಘಮ. ಯಜಮಾನರು ಕೂಡ "ಅರೇ!" ಎಂದರು. ಮೇಣಬತ್ತಿ ಚುಚ್ಚಿದರೆ ಮೆತ್ತಗೆ ಒಳಗೆ ಹೋಯಿತು. ನಾನು ಐದೂ ಜನರ ಮುಖವನ್ನು ಒಂದೊಂದಾಗಿ ನೋಡಿಕೊಂಡೆ.

ರೂತಿ ಚಾಕು ಹಿಡಿದು ನಿಂತಳು. ಕೊಯ್ಯಲಿಲ್ಲ. ಯಾವುದನ್ನು ತಿನ್ನುವ ಮೊದಲೂ ಕೇಳಿ ರೂಢಿಯಾದ ಹುಡುಗಿ. ಕೇಕಿನ ಮೇಲೆ ಉದುರಿ ಅಂಟಿದ್ದ ಬಿಳಿ ಚೂರೊಂದನ್ನು ಬೆರಳು ಮಾಡಿ ತೋರಿಸಿದಳು.

"ಆಯಿ, ಇದ್ಯಾತರ ಹಿಟ್ಟು?"

"ಮುಚ್ಚಳಕ್ಕ ಹಚ್ಚಿದ್ದು."

"ಅದೇ, ಯಾತರದು?"

ನಾನು ಜುಬೇದಾಳನ್ನು ನೋಡಿದೆ. ಜುಬೇದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಯಾ ಅಲ್ಲಾ! ಅಕ್ಕಾ, ನಿಮ್ದೇ ಡಬ್ಬಿದಾಗಿಂದು ಕೊಟ್ಟೀನಲ್ರಿ!"

ನನ್ನದೇ ಡಬ್ಬಿ. ನಾನೇ ಗಡಿಪಾರು ಮಾಡಿದ ಗೋಧಿ. ಗಿರಣಿಯವನೊಡನೆ ಜಗಳವಾಡಿ, ಗಂಡನ ಮೀಸೆ ಒರೆಸಿ, ಎರಡು ದಿನ ಕಾವಲು ಕಾದವಳು, ಕೇಳಿ ಇಸಿದುಕೊಂಡು, ಕೈಯಾರೆ ಕಲಸಿ, ಸಡಗರದಿಂದ ಒಳಗೆ ಕರೆತಂದಿದ್ದೆ. ಅಷ್ಟು ಚೆನ್ನಾಗಿ ಅಂಟಿದಾಗಲಾದರೂ ತಿಳಿಯಬೇಕಿತ್ತು. ಜೋಳ ಎಂದಾದರೂ ಹಾಗೆ ಅಂಟಿದ್ದುಂಟೇ? ಪಂಡಿತರಿಗೆ ತಿಳಿಯಲಿಲ್ಲ!

"ಮ್ಯಾಲಿಂದು ಕೆರೆದು ಕೊಟ್ರ?" ಎಂದರು ಯಾರೋ. ಚಿಟಿಕೆ ನೆನಪಾಯಿತು, ನಾಲ್ಕು ದಿನ ನೆನಪಾಯಿತು. "ಕೂಡದು" ಎಂದು ತಾಟನ್ನು ಅವಳ ಮುಂದಿನಿಂದ ಎಳೆದುಕೊಂಡೆ. ರೂತಿ ಚಾಕು ಕೆಳಗಿಟ್ಟಳು. ಅಳಲಿಲ್ಲ. ಬಾಳೆಹಣ್ಣಿನ ಕಡೆ ಕೈ ಚಾಚಿದಳು.

"ತಡಿ" ಎಂದರು ಯಜಮಾನರು. ಹೊರಗೆ ಹೋಗಿ ಬ್ಯಾರಲ್ಲಿನ ಮೇಲಿನ ಡಬ್ಬಿ ಹೊತ್ತು ತಂದರು. "ಇದರಾಗ ಗೋಧಿ ಇಲ್ಲ. ಬ್ಯಾರೆ ಏನದ ಅನ್ನೋದು ನಿಮ್ಮ ಆಯಿಗೇ ಕೇಳು."

ಹೊಸ ಮೇಣಬತ್ತಿ ತಂದೆವು, ಅದರೊಳಗೆ ಹೋಗಲಿಲ್ಲ, ಪಕ್ಕದಲ್ಲಿ ನಿಲ್ಲಿಸಿದೆವು. ಬೇರೆ ಚಾಕು ತಂದೆವು, ಅದೂ ಹೋಗಲಿಲ್ಲ. ಕೊನೆಗೆ ತೊಳೆದ ಕಲ್ಲಿನಿಂದ ಒಡೆದೆವು. ಎಲ್ಲರೂ ಚಪ್ಪಾಳೆ ತಟ್ಟಿ ಹಾಡಿದರು. ರೂತಿ ಮೊದಲ ತುಂಡನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಹಾಡು ಮುಗಿದರೂ ಅಗಿಯುತ್ತಲೇ ಇದ್ದಳು.

"ಚಲೋ ಅದ ಆಯಿ" ಎಂದಳು. ಹಸಿ ಸುಳ್ಳು. ಆದರೆ ಇನ್ನೊಂದು ತುಂಡು ಕೇಳಿದಳು, ಅದನ್ನೂ ತಿಂದಳು, ಸೋಮವಾರ ಬೆಳಿಗ್ಗೆ ಎದ್ದು ನೆಟ್ಟಗೆ ಸಾಲೆಗೆ ಹೋದಳು. ಬಂಗಾರದ ಬಣ್ಣದ ಕೇಕನ್ನು ಉಳಿದವರೆಲ್ಲ ಬೆರಳು ನೆಕ್ಕಿ ಮುಗಿಸಿದರು. ಈಗಲೂ ಓಣಿಯಲ್ಲಿ ನನ್ನ ಕೇಕಿಗೆ ದೊಡ್ಡ ಹೆಸರಿದೆ. ಯಾರಿಗಾಗಿ ಮಾಡಿದೆನೋ ಅವಳೊಬ್ಬಳು ಮಾತ್ರ ಅದರ ರುಚಿ ನೋಡಿಲ್ಲ.

ಅಡುಗೆಮನೆಯ ಹೊಸ್ತಿಲಲ್ಲಿ ಕಾವಲು ಇವತ್ತಿಗೂ ಇದೆ. ನಿಲ್ಲುವವಳು ರೂತಿ. ಅಜ್ಜನನ್ನು ಸುಮ್ಮನೆ ಒಳಗೆ ಬಿಡುತ್ತಾಳೆ.

"ಆಯಿ, ನೀ ನಿಲ್ಲು. ಕೈ ತೋರ್ಸು" ಎನ್ನುತ್ತಾಳೆ.

ತೋರಿಸುತ್ತೇನೆ.