ಸಿದ್ದಲಿಂಗಪ್ಪನ ಒಬ್ಬರ ಡೇರೆ

"ಒಬ್ಬರ ಡೇರೆ? ಯಾಕ್ರಿ, ನಾ ಏನ್ ಸತ್ತೀನೇನ್ರಿ?"

"ಹಾಂಗಲ್ಲ ಅನು..."

"ಏನ್ ಹಾಂಗಲ್ಲ? ಇವತ್ತ ಸಂಜಿಗೆ ನಿಮ್ಮ ಅಕ್ಕಾರು ಆರ್ ಮಂದೀನ ಕಟಗೊಂಡು ಮದುವಿ ಸೀರಿ ತಗೊಳ್ಳಾಕ ಬರಲಾಕತ್ತಾರ. ನೀವು ಗುಡ್ಡದ ಕೋಟಿ ಹತ್ತಿ ಮಲಗಾಕ ಹೊಂಟೀರಿ. ಬರೋರು ಯಾರ ಅಕ್ಕ? ನನ್ನ ಅಕ್ಕೇನು?"

"ನನ್ನ ಅಕ್ಕ ಅಂತನ ಹೊಂಟೀನಿ!" ಎಂದು ಸಿದ್ದಲಿಂಗಪ್ಪ ಹೆಂಡತಿ ಅನುಸೂಯಾಳ ಮೇಲೆ ಕೂಗಿದ. ಒಲೆಯ ಮೇಲಿನ ಹಾಲೂ ಅದೇ ಹೊತ್ತಿಗೆ ಉಕ್ಕಿತು.

ಅವನ ಸಿಟ್ಟಿಗೆ ಕಾರಣವಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ಪುಣೆಗೆ ಬಂದು ಅರಿವೆ ಅಂಗಡಿಯಲ್ಲಿ ಗುಮಾಸ್ತನಾದ. ಅಂದಿನಿಂದ ಅವನ ಊರಿನ ಇಂಡಿ ತಾಲೂಕಿನಲ್ಲಿ ಯಾರಿಗೆ ಹಲ್ಲು ನೋಯಲಿ, ಯಾರಿಗೆ ಪರೀಕ್ಷೆ ಇರಲಿ, ಯಾರ ಮಗಳಿಗೆ ಗಂಡು ಗೊತ್ತಾಗಲಿ, ಅವರೆಲ್ಲ ಬಂದು ಇಳಿಯುವುದು ಪುಣೆಯ ಕೊಂಢವಾ ಬಡಾವಣೆಯ ಅವನ ಎರಡು ಕೋಣೆಯ ಮನೆಯಲ್ಲಿ. ಯಾರದೋ ಕಾಲು ಪಕ್ಕೆಗೆ ಒದೆಯದೆ ಅವನು ಮಲಗಿದ್ದೇ ಇಲ್ಲ. ಈ ಸಲ ಮಾತ್ರ ಹಟ ಹಿಡಿದಿದ್ದ. ಸಂಜೆಯ ಬಸ್ಸಿಗೆ ಭೋರ್ ಊರಿನ ಕಡೆಯ ಗುಡ್ಡದ ಕೋಟೆಗೆ ಹೋಗಬೇಕು, ಎರಡು ರಾತ್ರಿ ಒಬ್ಬನೇ ಮಲಗಬೇಕು. ಇಬ್ಬರ ಡೇರೆ ತಂದರೆ "ನಾನೂ ಬರ್ತೀನಿ" ಎನ್ನುವವನೊಬ್ಬ ಹುಟ್ಟಿಕೊಳ್ಳುತ್ತಾನೆ. ಅದಕ್ಕೇ ಒಬ್ಬರದು.

ಜಗಳ ಕೇಳಿ ಮೇಲಿನ ಮನೆಯ ಬಿಂದುಮಾಧವ ಚಹಾದ ಕಪ್ಪು ಹಿಡಿದುಕೊಂಡೇ ಇಳಿದು ಬಂದ. ಪಿಂಚಣಿ ಬಂದ ಮೇಲೆ ಊರವರ ಕೆಲಸವೇ ಅವನ ಕೆಲಸ. ಹುಟ್ಟಿದಾಗಿನಿಂದ ಬಯಲಿನಲ್ಲಿ ಒಂದು ರಾತ್ರಿ ಮಲಗಿದವನಲ್ಲ, ಆದರೆ ಮೊಬೈಲಿನಲ್ಲಿ ಹನ್ನೊಂದು ವಿಡಿಯೋ ನೋಡಿದ್ದ.

"ಸಿದ್ದಲಿಂಗಪ್ಪನವರ, ಬೆನ್ನ ಮ್ಯಾಲೆ ಹೊತ್ತು ಗುಡ್ಡಾ ಹತ್ತೂದದ. ಒಂದೊಂದು ಗ್ರಾಮೂ ವೈರಿ ಇದ್ದಂಗ. ನಿಮ್ಮ ಟೂತ್‌ಬ್ರಶ್ ಎಲ್ಲದ?"

ತಂದುಕೊಟ್ಟ ಬ್ರಶ್ಶನ್ನು ಅವನು ಅಡಕೊತ್ತಿನಿಂದ ಅರ್ಧಕ್ಕೆ ಕತ್ತರಿಸಿ, "ನೋಡ್ರಿ, ನಾಲ್ಕ್ ಗ್ರಾಂ ಉಳೀತು" ಎಂದ. ಆ ಮೋಟು ಬ್ರಶ್ಶಿನಲ್ಲಿ ಹಲ್ಲುಜ್ಜಲು ಹೋದ ಸಿದ್ದಲಿಂಗಪ್ಪನ ನಾಲ್ಕೂ ಬೆರಳು ಬಾಯೊಳಗೆ ಹೋದವು.

ಹತ್ತು ಗಂಟೆಗೆ ಇಬ್ಬರೂ ವಿಮಾನ ನಗರ ಬಡಾವಣೆಯ ಡೇರೆ ಮಾರುವ ಅಂಗಡಿಯಲ್ಲಿದ್ದರು. ಸ್ನೇಹಲ್ ಎಂಬ ಹುಡುಗಿ ಮೂರು ಡೇರೆ ಬಿಡಿಸಿ ನಿಲ್ಲಿಸಿದಳು. ಮೊದಲನೆಯದು ಒಂದೂವರೆ ಕಿಲೋ, ಎರಡನೆಯದು ಒಂದು ಕಿಲೋ ಚಿಲ್ಲರೆ, ಮೂರನೆಯದು ಬರೀ ಏಳುನೂರ ನಲವತ್ತು ಗ್ರಾಂ.

"ಅದನ್ನ ಕಟ್ಟಮ್ಮಾ," ಎಂದ ಬಿಂದುಮಾಧವ, ಡೇರೆ ತನಗೇ ಬೇಕು ಎನ್ನುವ ಹಾಗೆ.

"ಕಾಕಾ, ಅದು ಗಿಡ್ಡ ಅದ. ಮೊದಲು ಒಳಗ ಮಲಗಿ ನೋಡ್ರಿ," ಎಂದು ಸ್ನೇಹಲ್ ಮರಾಠಿಯಲ್ಲಿ ಹೇಳಿದಳು.

ಸಿದ್ದಲಿಂಗಪ್ಪನ ಮುಖ ಕೆಂಪಾಯಿತು. ನಾಲ್ಕು ಮಂದಿ ಓಡಾಡುವ ಅಂಗಡಿಯಲ್ಲಿ, ಮಗಳ ವಯಸ್ಸಿನ ಹುಡುಗಿಯ ಎದುರು, ಕಾಲು ಚಾಚಿ ಮಲಗುವುದೇ? ಅವನ ಮನೆತನದಲ್ಲಿ ಗಂಡಸರು ಬೀಗರ ಮನೆಯಲ್ಲೂ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದವರು.

"ಬ್ಯಾಡವ್ವಾ, ಕಣ್ಣಳತಿ ಸಾಕು. ಮೂವತ್ತ್ ವರ್ಷ ಅರಿವಿ ಅಳದೀನಿ," ಎಂದ. ಎಂಟು ವರ್ಷ ಸೇರಿಸಿ ಹೇಳಿದ್ದು ಬಿಂದುಮಾಧವನಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಕಟ್ಟಡದ ಮಾಳಿಗೆಯ ಮೇಲೆ ಡೇರೆ ಎದ್ದಿತು. ಗೂಟ ಹೊಡೆಯಲು ಮಣ್ಣಿಲ್ಲ, ಅದಕ್ಕೆ ನಾಲ್ಕು ಮೂಲೆಗೂ ಮನೆಯಿಂದ ತಂದ ಡಬ್ಬಿ ಇಟ್ಟರು. ಸಿದ್ದಲಿಂಗಪ್ಪ ತೆವಳುತ್ತ ಒಳಗೆ ಹೋದ. ತಲೆ ಹೋಯಿತು, ಹೊಟ್ಟೆಯೂ ಹೇಗೋ ಹೋಯಿತು. ಆರಡಿ ಆಳಿನ ಮೀನಖಂಡದಿಂದ ಕೆಳಗಿನ ಭಾಗ ಮಾತ್ರ ಹೊರಗೇ ಉಳಿಯಿತು, ಬುಟ್ಟಿಯಲ್ಲಿ ಹಿಡಿಸದ ಮೂಲಂಗಿಯ ಹಾಗೆ. ಬಟ್ಟೆ ಒಣಹಾಕಲು ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಕಾಲಿಗೆ ಗಾಳಿ ಬೇಕ್ರಿ," ಎಂದ ಬಿಂದುಮಾಧವ ಸ್ವಲ್ಪವೂ ಅಳುಕದೆ.

"ನಿನ್ನ ಗಾಳಿಗೆ ಬೆಂಕಿ ಹಚ್ಚ!" ಎಂದು ಒಳಗಿನಿಂದ ಸಿದ್ದಲಿಂಗಪ್ಪ ಗುಡುಗಿದ.

ಅಷ್ಟರಲ್ಲಿ ಅನುಸೂಯಾ ಬುತ್ತಿ ಹೊತ್ತು ಮೇಲೆ ಬಂದಳು. ಜಗಳ ಜಗಳವೇ, ಬುತ್ತಿ ಬುತ್ತಿಯೇ. ಊರಿಗೆ ಹೊರಟವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಅವರಲ್ಲಿಲ್ಲ. ಒಣಗಿಸಿದ ಮೂವತ್ತು ಕಟಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಮೊಸರಿನ ಡಬ್ಬಿ. ಬಿಂದುಮಾಧವ ಕೈಯಲ್ಲಿ ಎತ್ತಿ ನೋಡಿ, "ಐದು ಕಿಲೋ!" ಎಂದು ಕುಸಿದು ಕೂತ.

ಅವಳು ಗಂಡನ ಕಾಲುಗಳನ್ನು ನೋಡಿದಳು. "ಇದಕ್ಕ ಬೆಳಗಿನಿಂದ ಊರ ತಿರಗಿದ್ರೇನು? ಬೆಕ್ಕೂ ಹಿಡಿಸಂಗಿಲ್ಲ ಇದರಾಗ."

"ನೀ ಹೊಕ್ಕು ನೋಡು, ತಿಳೀತದ!" ಎನ್ನುತ್ತ ಅವನು ಹೊರಬಂದ.

ಐದಡಿಯ ಅನುಸೂಯಾ ಸೀರೆ ಸಿಕ್ಕಿಸಿಕೊಂಡು ಒಳಗೆ ಹೊಕ್ಕಳು. ಪೂರ್ತಿ ಹಿಡಿಸಿದಳು. ಒಳಗಿನಿಂದ ಜಿಪ್ಪು ಸರ್ರನೆ ಮುಚ್ಚಿಕೊಂಡಿತು.

ಐದು ನಿಮಿಷ ಕಳೆಯಿತು, ಹತ್ತಾಯಿತು.

"ಏ ಅನು, ಏನ್ ಮಾಡಲಾಕತ್ತಿ?"

"ಮಾತಾಡಬ್ಯಾಡ್ರಿ," ಎಂದು ಒಳಗಿನಿಂದ ತೆಳುವಾದ ದನಿ ಬಂತು. "ಇಲ್ಲಿ ಯಾರೂ ಚಾ ಕೇಳಂಗಿಲ್ಲ."

ಆಮೇಲೆ ಗೊರಕೆ ಕೇಳಿಸಿತು. ಎಬ್ಬಿಸಲು ಬಿಂದುಮಾಧವನಿಗೂ ಧೈರ್ಯವಾಗಲಿಲ್ಲ.

ಒಂದು ತಾಸಿನ ಮೇಲೆ ಎದ್ದ ಅನುಸೂಯಾ ಬೇರೆಯೇ ಹೆಂಗಸಾಗಿದ್ದಳು. ಡೇರೆಯನ್ನು ರೊಟ್ಟಿಯ ಅರಿವೆಯಂತೆ ಮಡಚಿ ಸುತ್ತಿದಳು. ಕೆಳಗೆ ಹೋಗಿ ಗಂಡನ ಬ್ಯಾಗಿನಿಂದ ಅವನ ಧೋತ್ರ, ಬನಿಯನ್ ತೆಗೆದು ತನ್ನವನ್ನು ತುಂಬಿದಳು. ನಾಲ್ಕೇ ರೊಟ್ಟಿ ತೆಗೆದುಕೊಂಡು, "ಹಗುರ ಹೋಗಬೇಕಂತಲ್ರಿ," ಎಂದು ಬಿಂದುಮಾಧವನ ಕಡೆ ನೋಡಿದಳು. ಅವನು ಶಿಷ್ಯೆ ಸಿಕ್ಕ ಗುರುವಿನಂತೆ ತಲೆಯಾಡಿಸಿದ.

"ಎಲ್ಲಿಗಿ?" ಎಂದ ಸಿದ್ದಲಿಂಗಪ್ಪ.

"ಕೋಟಿಗೆ. ಬುಡದಾಗ ಗುಡಿ ಅದ ಅಂದಿದ್ರಿ, ಅದರ ಅಂಗಳದಾಗ ಡೇರೆ ಹಾಕ್ತೀನಿ. ಇಪ್ಪತ್ತೆರಡು ವರ್ಷ ನೀವು ಪಕ್ಕಿಗೆ ಒದಿಸ್ಕೊಂಡ್ರಿ. ನಾ ಅಡಗಿಮನಿ ಬಾಗಲಾಗ ಮಲಗೀನಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಗದ್ದಲ ಎದ್ದಿತು. ಅಕ್ಕ ಶಿವಬಸವ್ವ ಆರು ಮಂದಿಯೊಂದಿಗೆ ಏದುಸಿರು ಬಿಡುತ್ತ ಬಂದು ನಿಂತಳು. ಅನುಸೂಯಾ ಅವಳ ಕಾಲು ಮುಟ್ಟಿ, "ಬರ್ರಿ ಅಕ್ಕಾರ. ನಿಮ್ಮ ತಮ್ಮ ಚಾಕ್ಕ ನೀರು ಇಟ್ಟಾರ," ಎಂದು ಹೇಳಿ ಬ್ಯಾಗು ಬೆನ್ನಿಗೇರಿಸಿ ಇಳಿದಳು. ಸಿದ್ದಲಿಂಗಪ್ಪ ಬರಿಗಾಲಲ್ಲಿ ಓಡಿ ಬರುವಷ್ಟರಲ್ಲಿ ರಿಕ್ಷಾ ತಿರುವು ದಾಟಿತ್ತು.

ಬಸ್‌ಸ್ಟ್ಯಾಂಡಿನಿಂದ ತಿರುಗಿ ಬರುತ್ತಾಳೆ ಎಂದುಕೊಂಡ. ಏಳು ಜನರಿಗೆ ಚಹಾ ಸೋಸಿದ, ಮೂರು ಸಲ ಬಾಗಿಲಿಗೆ ಹೋಗಿ ನೋಡಿದ. ಒಳಗೆ ಶಿವಬಸವ್ವ, "ಭಾಳ ದಿನಕ್ಕ ಬಂದೀವಪ್ಪಾ, ಎಂಟ್ ದಿನ ಇದ್ದೇ ಹೋಗೂಣು," ಎಂದು ಹಾಸಿಗೆ ಬಿಡಿಸುತ್ತಿದ್ದಳು.

ರಾತ್ರಿ ಒಂಬತ್ತು ಗಂಟೆಗೆ ಮೊಬೈಲಿಗೆ ಅನುಸೂಯಾಳ ಸಂದೇಶ ಬಂತು: "ಮುಟ್ಟಿದೆ. ಇಲ್ಲಿಂದ ಮುಂದ ಇನ್ನೂ ಮೂರು ಕೋಟಿ ಅವಂತ. ಅಕ್ಕಾರು ಯಾವಾಗ ಹೋಗ್ತಾರ, ತಿಳಸ್ರಿ."