ಕಂಬ ಹಿಡಿದು ನಿಂತ ಕಥೆ

ನನ್ನ ಹೆಂಡತಿ ಟಿವಿಯಲ್ಲಿ ಬಂದಳು. ಅದನ್ನು ನಮ್ಮ ಅತ್ತೆ ನೋಡಿದರು, ಪಕ್ಕದ ಮನೆಯ ಗಾರ್ಡ್ ಸಾಹೇಬರು ನೋಡಿದರು, ನಮ್ಮ ಕಚೇರಿಯವರೆಲ್ಲ ನೋಡಿದರು. ನೋಡದೆ ಉಳಿದವನು ನಾನೊಬ್ಬನೇ. ಕಟ್ಟಿಕೊಂಡ ಗಂಡ ಆಗ ಎಲ್ಲಿ ಹಾಳಾಗಿ ಹೋಗಿದ್ದ ಎಂದು ನೀವು ಕೇಳುವುದು ಸಹಜ. ಎಲ್ಲಿಗೂ ಹೋಗಿರಲಿಲ್ಲ, ನಮ್ಮ ಮನೆಯಲ್ಲಿ ಕುಳಿತು ನೋಡಿದವರ ತಲೆಯ ಮೇಲೆಯೇ ಇದ್ದೆ.

ನಾನು ಸರ್ವೇ ಇಲಾಖೆಯವನು. ಊರ ಜಾಗವನ್ನೆಲ್ಲ ಅಳೆದು ಇದು ಇವರದು, ಅದು ಅವರದು ಎಂದು ಗೆರೆ ಎಳೆಯುವುದು ನನ್ನ ಕೆಲಸ. (ನಮ್ಮ ಮನೆಯಲ್ಲಿ ನನ್ನದು ಎಷ್ಟು ಎಂಬುದನ್ನು ಮಾತ್ರ ಇನ್ನೂ ಅಳೆದಿಲ್ಲ, ಧೈರ್ಯ ಬಂದಿಲ್ಲ.) ಹೀಗೇ ಒಮ್ಮೆ ಗುಡ್ಡದ ಮೇಲಿನ ಟಿವಿ ಗೋಪುರದ ಪಕ್ಕದ ಜಾಗ ಅಳೆಯಲು ಹೋಗಿದ್ದಾಗ ಅಲ್ಲಿಯ ಎಂಜಿನಿಯರ್ ಒಬ್ಬರು ಸಿಕ್ಕಿದರು. ಈಗ ಪ್ರಸಾರವೆಲ್ಲ ಡಿಜಿಟಲ್ ಆಗಿದೆ, ಮನೆಯ ಮೇಲೊಂದು ಆಂಟೆನಾ ಇದ್ದರೆ ಊರಿನ ಚಾನೆಲ್ಲುಗಳೆಲ್ಲ ಪುಕ್ಕಟೆ ಬರುತ್ತವೆ, ಕೇಬಲ್ಲಿಗಿಂತ ಸ್ವಚ್ಛವಾಗಿ ಬರುತ್ತವೆ ಎಂದರು. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವರ ಉಳಿದ ಉಪನ್ಯಾಸ ನನಗೆ ಕೇಳಿಸಲಿಲ್ಲ. ಸಂಜೆ ಮನೆಗೆ ಬಂದವನೇ ಕೇಬಲ್ಲಿನವನಿಗೆ ಫೋನು ಮಾಡಿ, ನಿನ್ನ ತಂತಿ ಕಿತ್ತುಕೊಂಡು ಹೋಗಪ್ಪ ಎಂದೆ.

ಅತ್ತೆ ಮೂರು ದಿನ ನನ್ನೊಡನೆ ಮಾತು ಬಿಟ್ಟರು. ನನ್ನ ಹೆಂಡತಿ ಮಾತು ಬಿಡಲಿಲ್ಲ, ಅದೇ ಕಷ್ಟವಾಯಿತು. ಆಂಟೆನಾ ಕಟ್ಟುವುದಕ್ಕೆ ಅವಳೇ ಇಕ್ಕಳ ಹಿಡಿದು ಹೊರಟಳು. ಹೇಳುವುದು ಮರೆತೆ, ಮುರಿದದ್ದು, ತುಕ್ಕು ಹಿಡಿದದ್ದು, ಬೇರೆಯವರು ಬೀದಿಗೆ ಎಸೆದದ್ದು, ಯಾವುದನ್ನಾದರೂ ಬಿಚ್ಚಿ, ಬಡಿದು, ಮತ್ತೆ ಉಪಯೋಗಕ್ಕೆ ತರುವುದು ಅವಳ ಹುಚ್ಚು. ನಮ್ಮ ಮನೆಯ ದೀಪವೊಂದು ಹಿಂದಿನ ಜನ್ಮದಲ್ಲಿ ಕೊಳವೆಯಾಗಿತ್ತು. ಆದರೆ ಇದು ದಿಕ್ಕಿನ ವಿಷಯ, ನನ್ನ ಇಲಾಖೆಗೆ ಸೇರಿದ್ದು, ನೀನು ಕೈ ಹಾಕಬೇಡ ಎಂದು ಅವಳನ್ನು ತಡೆದೆ. ತಾರಸಿಯ ಮೇಲೆ ಕಂಬ ನಿಲ್ಲಿಸಿದೆ. ಕಚೇರಿಯ ದಿಕ್ಸೂಚಿಯನ್ನು ನೀರಿನ ಟ್ಯಾಂಕಿನ ಮೇಲೆ ಇಟ್ಟು, ಒಂದು ಕಣ್ಣು ಮುಚ್ಚಿ, ಗೋಪುರದ ದಿಕ್ಕನ್ನು ಕೂದಲೆಳೆಯಷ್ಟೂ ತಪ್ಪದಂತೆ ಲೆಕ್ಕ ಹಾಕಿ ಆಂಟೆನಾ ತಿರುಗಿಸಿದೆ.

ಹಳೆಯ ಕಾಲದ ಟಿವಿಗೆ ಒಂದು ಔದಾರ್ಯವಿತ್ತು. ಸಿಗ್ನಲ್ ಸಾಲದಿದ್ದರೆ ಪರದೆಯ ಮೇಲೆ ಚುಕ್ಕೆ ಸುರಿಯುತ್ತಿತ್ತು, ಆದರೂ ಮುಖ ಯಾರದೆಂದು ತಿಳಿಯುತ್ತಿತ್ತು. ಈ ಡಿಜಿಟಲ್ಲಿಗೆ ದಯೆ ದಾಕ್ಷಿಣ್ಯ ಇಲ್ಲ. ಬಂದರೆ ಪೂರ್ತಿ, ಇಲ್ಲವೆಂದರೆ ಪೂರ್ತಿ ಇಲ್ಲ. ನಡುವೆ ಸಿಕ್ಕಿಕೊಂಡರಂತೂ ವಾರ್ತೆ ಓದುವಾಕೆಯ ಮೂಗು ಕಿವಿಯ ಹತ್ತಿರ ಹೋಗುತ್ತದೆ, ಗದ್ದ ಹಣೆಗೆ ಏರುತ್ತದೆ, ಇಡೀ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ. ನಾನು ತಾರಸಿಯಲ್ಲಿ ಕಂಬ ತಿರುಗಿಸುವುದು, ಅತ್ತೆ ಟಿವಿ ನೋಡಿ ಬಂತು, ಹೋಯ್ತು ಎಂದು ಮಗಳಿಗೆ ಹೇಳುವುದು, ಅವಳು ಮೆಟ್ಟಿಲ ಬಳಿ ನಿಂತು ನನಗೆ ಕೂಗುವುದು. ಆದರೆ ಅತ್ತೆ ಬಂದದ್ದನ್ನು ಒಂದಿಷ್ಟು ನೋಡಿಕೊಂಡು ಆಮೇಲೆ ಬಂತು ಎನ್ನುತ್ತಿದ್ದರು. ಆ ಸುದ್ದಿ ನನ್ನವರೆಗೆ ಏರಿ ಬರುವಷ್ಟರಲ್ಲಿ ನಾನು ಕಂಬವನ್ನು ಇನ್ನೆಲ್ಲಿಗೋ ತಿರುಗಿಸಿರುತ್ತಿದ್ದೆ.

ನಮ್ಮ ಅವಸ್ಥೆ ನೋಡಲಾರದೆ ಗಾರ್ಡ್ ಸಾಹೇಬರು ಬಂದರು. ಅವರು ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಹಸಿರು, ಕೆಂಪು ಬಾವುಟಗಳನ್ನು ಇನ್ನೂ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದಾರೆ. ಕಿಟಕಿಯಿಂದ ಟಿವಿ ನೋಡುತ್ತ ಅಂಗಳದಲ್ಲಿ ನಿಂತು, ಚಿತ್ರ ಬಂದರೆ ಹಸಿರು, ಹೋದರೆ ಕೆಂಪು ಬಾವುಟ ಆಡಿಸತೊಡಗಿದರು. ಮೂರು ಸಂಜೆ ಕೆಂಪು ಬಾವುಟ ಕೆಳಗಿಳಿಯಲೇ ಇಲ್ಲ. ಕೊನೆಗೆ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದ ನನ್ನ ಹೆಂಡತಿ, ಬುಟ್ಟಿಗೆ ಕ್ಲಿಪ್ಪು ಹಾಕುತ್ತ, ನನ್ನ ಕಡೆ ನೋಡದೆಯೇ ಕೇಳಿದಳು.

"ಅಲ್ಲಾ ರೀ, ಕಬ್ಬಿಣದ ಟ್ಯಾಂಕಿನ ಮೇಲೆ ದಿಕ್ಸೂಚಿ ಇಟ್ರೆ ಅದು ಸರಿಯಾದ ದಿಕ್ಕು ತೋರಿಸುತ್ತಾ? ಮದುವೆಯಾದ ಹೊಸದರಲ್ಲಿ ನೀವೇ ಹೇಳಿಕೊಟ್ಟಿದ್ರಲ್ಲ, ಕಬ್ಬಿಣದ ಹತ್ತಿರ ಇಡಬಾರದು ಅಂತ."

ಇಲಾಖೆಗೆ ಹೊಸದಾಗಿ ಸೇರುವ ಹುಡುಗರಿಗೆಲ್ಲ ನಾನು ಹೇಳುವ ಮೊದಲ ಪಾಠ ಅದು. ಟ್ಯಾಂಕು ಪ್ಲಾಸ್ಟಿಕ್ಕಿನದು ಎಂದುಕೊಂಡಿದ್ದೆ ಎಂದು ಏನೋ ಗೊಣಗಿ ದಿಕ್ಸೂಚಿಯನ್ನು ದೂರ ಇಟ್ಟು ಕಂಬ ತಿರುಗಿಸಿದೆ. ಕೆಳಗೆ ಹಸಿರು ಬಾವುಟ ಹಾರಿತು. ಕಂಬ ತಿರುಗದಂತೆ ನಟ್ಟು ಬಿಗಿದು, ಮೀಸೆ ತಿರುವಿಕೊಂಡು ಇಳಿದು ಬಂದೆ.

ಆಹಾ, ಏನು ಚಿತ್ರ! ವಾರ್ತೆ ಓದುವಾಕೆಯ ಹುಬ್ಬಿನ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಇಷ್ಟು ಸ್ವಚ್ಛವಾಗಿ ತೋರಿಸಲು ನಮ್ಮ ಊರಿನ ಆ ಚಾನೆಲ್ಲಿನವರಲ್ಲಿ ಏನಿತ್ತು ಎನ್ನುವುದು ಬೇರೆ ಮಾತು. ಒಂದು ಮೇಜು, ಒಂದು ಪ್ಲಾಸ್ಟಿಕ್ ಗಿಡ. ವಾರ್ತೆಗೂ ಅದೇ ಗಿಡ, ಆರೋಗ್ಯಕ್ಕೂ ಅದೇ ಗಿಡ. ತುಟಿ ಮೊದಲು ಆಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಆದರೂ ನನಗೆ ಅದು ಸ್ವರ್ಗದಿಂದಲೇ ಪ್ರಸಾರವಾಗುತ್ತಿರುವಂತೆ ಕಂಡಿತು.

ಅದೇ ಚಾನೆಲ್ಲಿನವರು ನನ್ನ ಹೆಂಡತಿಯನ್ನು 'ಹಳೆಯದಕ್ಕೆ ಹೊಸ ಕೆಲಸ' ಎಂಬ ಕಾರ್ಯಕ್ರಮಕ್ಕೆ ಕರೆದರು. ಹೋಗಿ ಮಾತಾಡಿ ಬಂದಳು. ಭಾನುವಾರ ಸಂಜೆ ಆರಕ್ಕೆ ಪ್ರಸಾರ ಎಂದರು. ನನಗೆ ಹಿಗ್ಗೋ ಹಿಗ್ಗು. ಆದರೆ ಅವಳು ಯಾಕೋ ಮಂಕಾಗಿದ್ದಳು. ಅಷ್ಟೆಲ್ಲ ಗದ್ದಲ ಬೇಡ, ನಾನು, ಅಮ್ಮ ಗಾರ್ಡ್ ಸಾಹೇಬರ ಮನೆಗೆ ಹೋಗಿ ಕೇಬಲ್ಲಿನಲ್ಲಿ ನೋಡಿಕೊಂಡು ಬರುತ್ತೇವೆ, ನೀವು ಆರಾಮಾಗಿ ಒಂದು ನಿದ್ದೆ ಮಾಡಿ ಎಂದಳು. ನನಗೆ ರೇಗಿತು. ನನ್ನ ಆಂಟೆನಾ ಇರುವಾಗ ನನ್ನ ಹೆಂಡತಿ ಪಕ್ಕದ ಮನೆಯ ಕೇಬಲ್ಲಿನಲ್ಲಿ ಕಾಣಿಸಿಕೊಳ್ಳುವುದೇ? ತಲೆ ಹೋದರೂ ಆಗದು ಎಂದೆ. ಅಷ್ಟಕ್ಕೇ ಬಿಡದೆ, ಮನೆಯಲ್ಲಿ ಕೇಬಲ್ ಇರುವ ಗಾರ್ಡ್ ಸಾಹೇಬರನ್ನು, ಅವರ ಹೆಂಡತಿಯನ್ನು, ಎದುರು ಮನೆಯ ಹಲ್ಲಿನ ಡಾಕ್ಟರನ್ನು ನಮ್ಮಲ್ಲಿಗೇ ಬರಹೇಳಿದೆ. ನಿಜವಾದ ಚಿತ್ರ ಹೇಗಿರುತ್ತದೆ ಎಂದು ಅವರೂ ಒಮ್ಮೆ ನೋಡಲಿ ಎಂಬುದು ನನ್ನ ಆಸೆ.

ಭಾನುವಾರ ಮಧ್ಯಾಹ್ನ ಪರೀಕ್ಷೆ ಮಾಡಿದೆ, ಚಿತ್ರ ಕನ್ನಡಿಯಂತಿತ್ತು. ಅವಳು ಬಟ್ಟೆ ತೆಗೆಯಲು ಮೇಲೆ ಹೋಗಿ ಬಂದಳು. ಸಂಜೆ ಎಲ್ಲರೂ ಬಂದು ಕುಳಿತರು. ಆರು ಹೊಡೆಯಿತು. ಪ್ಲಾಸ್ಟಿಕ್ ಗಿಡ ಕಾಣಿಸಿತು, ಅದರ ಪಕ್ಕ ನನ್ನ ಹೆಂಡತಿಯ ಒಂದು ಭುಜ ಕಾಣಿಸಿತು, ಅಷ್ಟರಲ್ಲಿ ಗಿಡವೂ ಭುಜವೂ ಚೌಕ ಚೌಕವಾಗಿ ಒಡೆದುಹೋದವು. ಎಲ್ಲರೂ ನನ್ನನ್ನು ನೋಡಿದರು. ಎರಡೆರಡು ಮೆಟ್ಟಿಲು ಹಾರಿ ತಾರಸಿಗೆ ಓಡಿದೆ.

ಕಂಬದ ನಟ್ಟೇ ಇರಲಿಲ್ಲ. ಕಂಬ ಗಾಳಿಗೆ ತಿರುಗಿ ಬೆಕ್ಕು ಬಾಲ ಆಡಿಸಿದಂತೆ ಆಡುತ್ತಿತ್ತು. ನಟ್ಟು ಸಡಿಲವಾಗಿ ಉರುಳಿಹೋಗಿರಬೇಕೆಂದು ಮಂಡಿಯೂರಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು ಗೋಪುರದ ಕಡೆ ತಿರುಗಿಸಿ ನಿಂತೆ. ಅಂಗಳದಲ್ಲಿ ಹಸಿರು ಬಾವುಟ ಹಾರಿತು. ಗಾರ್ಡ್ ಸಾಹೇಬರು ಬಾವುಟ ಮಡಿಸಿಕೊಂಡು ಒಳಗೆ ಓಡಿದರು.

ನಿಂತೆ. ಕಾರ್ಯಕ್ರಮ ಮುಗಿಯುವವರೆಗೂ ನಿಂತೆ. ಮೂಗು ಕೆರೆಯಿತು, ಕೆರೆದುಕೊಳ್ಳಲಿಲ್ಲ. ಒಂದು ಕಾಗೆ ಬಂದು ಆಂಟೆನಾದ ಮೇಲೆ ಕುಳಿತು ನನ್ನನ್ನೇ ನೋಡಿತು, ಓಡಿಸಲಿಲ್ಲ. ಕೆಳಗಿನಿಂದ ನಗು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಮನೆ ಹಾರಿಹೋಗುವಂತೆ. ಅತ್ತೆ ನಕ್ಕದ್ದನ್ನು ನಾನು ಮದುವೆಯಾದ ಮೇಲೆ ಕೇಳಿದ್ದು ಅದೇ ಮೊದಲು. ನನ್ನ ಹೆಂಡತಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಾಳೆ, ಅದನ್ನು ಇವರಿಗೆ ತಲುಪಿಸುತ್ತಿರುವವನು ನಾನು ಎಂದು ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಇಳಿದು ಬಂದಾಗ ಎಲ್ಲರೂ ನನ್ನನ್ನು ನೋಡಿ ಮತ್ತೊಮ್ಮೆ ನಕ್ಕರು. ಹಲ್ಲಿನ ಡಾಕ್ಟರು ನನ್ನ ಬೆನ್ನು ತಟ್ಟಿ, ನಿಮ್ಮ ಆಂಟೆನಾಗೆ ಸಮ ಇಲ್ಲ ಬಿಡಿ ಎಂದರು. ಏನು ಮಾತಾಡಿದೆ ಎಂದು ಹೆಂಡತಿಯನ್ನು ಕೇಳಿದೆ. ಹೀಗೇ ಹಳೆ ಸಾಮಾನಿನ ವಿಷಯ ಎಂದು ಹೇಳಿ ಟೀ ಮಾಡಲು ಎದ್ದು ಹೋದಳು.

ಸೋಮವಾರ ಕಚೇರಿಗೆ ಹೋದರೆ ಮೇಲಧಿಕಾರಿಗಳು, ಸರಿಯಾದ ಜಾಗದಲ್ಲೇ ನಿಂತಿದ್ದೀರಿ ತಾನೇ ಎಂದು ಕೇಳಿದರು. ಕೇಳಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಊಟದ ಹೊತ್ತಿಗೆ ಪಕ್ಕದ ಮೇಜಿನವನನ್ನು ಹಿಡಿದು ಬಾಯಿ ಬಿಡಿಸಿದೆ. ಆದದ್ದು ಇಷ್ಟು. ನಿಮ್ಮ ಮನೆಯಲ್ಲಿ ರಿಪೇರಿಗೆ ಬಗ್ಗದ ವಸ್ತು ಯಾವುದಾದರೂ ಇದೆಯೇ ಎಂದು ನಿರೂಪಕಿ ಕೇಳಿದಳಂತೆ. ನನ್ನ ಹೆಂಡತಿ ಸ್ವಲ್ಪ ಯೋಚಿಸಿ ಹೀಗೆಂದಳಂತೆ:

"ಒಂದಿದೆ. ಬಹಳ ಹಳೇದು, ಸದ್ದು ಜಾಸ್ತಿ. ಬಿಚ್ಚೋಕಾಗಲ್ಲ, ಬದಲಾಯಿಸೋಕೂ ಆಗಲ್ಲ. ಆದ್ರೆ ಸರಿಯಾದ ಜಾಗದಲ್ಲಿ ನಿಲ್ಲಿಸಿಬಿಟ್ರೆ ತುಂಬಾ ಉಪಯೋಗಕ್ಕೆ ಬರುತ್ತೆ. ನಮ್ಮೆಜಮಾನ್ರು."

ಅದನ್ನು ಊರೆಲ್ಲ ಕೇಳುತ್ತಿದ್ದ ಆ ಕ್ಷಣದಲ್ಲಿ ನಾನು ಎಲ್ಲಿ ನಿಂತಿದ್ದೆ, ಹೇಗೆ ನಿಂತಿದ್ದೆ ಎಂಬುದು ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ನೆಟ್ಟಗೆ ಮನೆಗೆ ಬಂದು ತಾರಸಿ ಹತ್ತಿದೆ. ಏನಾದರಾಗಲಿ, ಮೊದಲು ಕಂಬವನ್ನು ಕಟ್ಟಿಹಾಕೋಣವೆಂದು ತಂತಿ ಹುಡುಕುತ್ತ ಬಟ್ಟೆ ಕ್ಲಿಪ್ಪಿನ ಬುಟ್ಟಿಗೆ ಕೈ ಹಾಕಿದೆ. ಕ್ಲಿಪ್ಪುಗಳ ಅಡಿಯಲ್ಲಿ ನನ್ನ ನಟ್ಟು ಕೈಗೆ ಸಿಕ್ಕಿತು.

ನಟ್ಟನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದೆ. ಅವಳು ಅಡ್ಡ ಮಾತಾಡಲಿಲ್ಲ.

"ನಾನೇ ಬಿಚ್ಚಿಟ್ಟೆ. ಬಾಯಿಗೆ ಬಂತು, ಅಂದುಬಿಟ್ಟೆ, ತೆಗೀರಿ ಅಂದ್ರೂ ಚಾನೆಲ್ಲಿನವರು ತೆಗೀಲಿಲ್ಲ. ಗಾರ್ಡ್ ಸಾಹೇಬರ ಮನೆಗೆ ಹೋಗ್ತೀನಿ ಅಂದ್ರೆ ನೀವು ಬಿಡಲಿಲ್ಲ. ನೀವೇ ಕರೆದವರ ಮುಂದೆ ನಿಮ್ಮ ಮುಖ ಸಣ್ಣದಾಗೋದನ್ನ ನನ್ನ ಕೈಲಿ ನೋಡೋಕಾಗ್ತಿರಲಿಲ್ಲ ರೀ. ಅದಕ್ಕೇ ಮೇಲೆ ಕಳಿಸಿದೆ."

ಕೋಪ ಮಾಡಿಕೊಳ್ಳಬೇಕೆಂದೇ ಬಂದಿದ್ದೆ, ಆದರೆ ಅವಳಿಗೆ ನನ್ನ ಮೇಲೆ ಅಷ್ಟೊಂದು ಪ್ರೀತಿ ಇದೆಯೆಂದು ಸಂತೋಷವೇ ಆಯಿತು. ಆದರೂ ಲೆಕ್ಕ ಲೆಕ್ಕವೇ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅವಕಾಶ ತಾನಾಗಿಯೇ ಬಂತು. ಆ ವಸ್ತುವನ್ನೂ ನೋಡಬೇಕೆಂದು ಪ್ರೇಕ್ಷಕರು ಕೇಳುತ್ತಿದ್ದಾರೆ, ದಯವಿಟ್ಟು ಇಬ್ಬರೂ ಬನ್ನಿ ಎಂದು ಚಾನೆಲ್ಲಿನವರು ಫೋನು ಮಾಡಿದರು. ಹೋದೆವು. ಸ್ಟುಡಿಯೋದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿದ್ದರು. ಇಲ್ಲೇ ನಿಂತ್ಕೊಳ್ಳಿ ಸಾರ್, ಅಲ್ಲಾಡಬೇಡಿ ಎಂದರು. ಮೊದಲು ಅವಳು ಮಾತಾಡಿದಳು. ಆಮೇಲೆ ನಿರೂಪಕಿ, ಒಬ್ಬರ ಮುಂದೆ ಮಾತಾಡಲು ಇನ್ನೊಬ್ಬರಿಗೆ ಸಂಕೋಚವಾಗುತ್ತದೆ ಎಂದು ಅವಳನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದಳು. ನಾನು ಬಿಟ್ಟೇನೆಯೇ? ಟ್ಯಾಂಕು, ದಿಕ್ಸೂಚಿಯ ಸಂಗತಿ ಮಾತ್ರ ಬಿಟ್ಟು, ನಟ್ಟಿನ ಕಥೆಯನ್ನು ಬುಟ್ಟಿಯ ಸಮೇತ ಹೇಳಿದೆ.

ಆ ಭಾನುವಾರಕ್ಕೆ ನಾನು ಕಾದಂತೆ ಯಾವ ಬಡ್ತಿಗೂ ಕಾದಿಲ್ಲ. ಅದೇ ಜನ, ಅದೇ ಕುರ್ಚಿಗಳು. ಈ ಸಲ ನಟ್ಟನ್ನು ನಾನೇ ಬಿಗಿದು, ತಾರಸಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ: ಟಿವಿಯಲ್ಲಿ ನಟ್ಟಿನ ಮಾತು ಬಂದಾಗ ಅವಳ ಮುಖ ಹೇಗಾಗುತ್ತದೆ ಎಂದು ನೋಡುವುದು. ಅವಳಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕುಳಿತೆ. ಅವಳ ಸರದಿ ಸ್ವಚ್ಛವಾಗಿ ಮುಗಿಯಿತು. ನನ್ನ ಸರದಿ ಬಂತು. ಪರದೆಯ ಮೇಲೆ ನಾನು ಬಾಯಿ ತೆರೆದೆ. ತೆರೆದ ಬಾಯಿ ಹಣೆಗೆ ಏರಿತು, ಮೀಸೆಯ ಅರ್ಧ ಪ್ಲಾಸ್ಟಿಕ್ ಗಿಡಕ್ಕೆ ಅಂಟಿಕೊಂಡಿತು, ನಾನು ಚೌಕ ಚೌಕವಾಗಿ ನಿಂತುಬಿಟ್ಟೆ.

"ಅಳಿಯಂದ್ರೇ," ಎಂದರು ಅತ್ತೆ, ಪರದೆಯಿಂದ ಕಣ್ಣು ಕೀಳದೆ, "ಸ್ವಲ್ಪ ಮೇಲೆ ಹೋಗಿ ಕಂಬ ಹಿಡ್ಕೊಳ್ಳಿ. ನಿಮ್ಮನ್ನ ನೋಡಬೇಕು."

ಓಡಿದೆ. ಬೀಗ ತೆಗೆದು ನೋಡಿದರೆ ನಟ್ಟು ಬಿಗಿಯಾಗಿಯೇ ಇತ್ತು, ಕಂಬ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ, ಅದನ್ನು ಹಿಡಿದುಕೊಳ್ಳುವ ಅಗತ್ಯವೇ ಇರಲಿಲ್ಲ. ಸುಮ್ಮನೆ ಒಂದು ಕೈ ಇಟ್ಟೆ. ಕೆಳಗೆ ಹಸಿರು ಬಾವುಟ ಹಾರಿತು. ಕೈ ತೆಗೆದೆ. ಕೆಂಪು ಹಾರಿತು. ಮತ್ತೆ ಕೈ ಇಟ್ಟೆ. ಹಸಿರು. ಇದಕ್ಕೆ ಕಾರಣವೇನೆಂದು ಆ ಎಂಜಿನಿಯರನ್ನು ಕೇಳಬೇಕೆಂದುಕೊಳ್ಳುತ್ತಿದ್ದಾಗ ಕಿಟಕಿಯಿಂದ ನನ್ನದೇ ಧ್ವನಿ ಅಸ್ಪಷ್ಟವಾಗಿ ಕೇಳಿಸಿತು, ಹಿಂದೆಯೇ ನನ್ನ ಹೆಂಡತಿಯ ಕೂಗು.

"ರೀ, ನಟ್ಟಿನ ವಿಷಯ ಬರ್ತಾ ಇದೆ! ಅಲ್ಲೇ ನಿಂತಿರಿ, ಅಲ್ಲಾಡಬೇಡಿ!"

ನಿಂತೆ.