ಮಿಕ್ಕ ಬೀಫಿನ ಸೊಟ್ಟ ಅಂಚು

ಎಲ್ಲ ಶುರುವಾದದ್ದು ಒಂದು ಸೊಟ್ಟ ಅಂಚಿನಿಂದ.

ಭಾನುವಾರ ರೋಸ್ಟ್ ಮಾಡಿದ ಬೀಫಿನಲ್ಲಿ ಮಿಕ್ಕಿದ್ದ ತುಂಡು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ, ತಣ್ಣನೆಯ ಕಲ್ಲುಹಲಗೆಯ ಮೇಲೆ, ಬಿಳಿ ಬಟ್ಟೆ ಹೊದ್ದು ಮಲಗಿತ್ತು. ಸಿರಿಲ್ ಹೆಪ್‌ವರ್ತ್ ಒಳಗೆ ಹೋದದ್ದು ಬ್ರೆಡ್ಡು, ಚೀಸು ತರಲು. ಬಟ್ಟೆ ಎತ್ತಿ ನೋಡಿದ್ದು ಬರೀ ಕುತೂಹಲಕ್ಕೆ. ನೋಡಿದರೆ, ಹಿಂದಿನ ದಿನ ಕೊನೆಯ ಹೋಳು ಕೊಯ್ದವರು ಚಾಕುವನ್ನು ಓರೆಯಾಗಿ ಹಿಡಿದಿದ್ದರು. ಕೊಯ್ದವನು ತಾನೇ ಎಂಬುದು ಅವನಿಗೆ ನೆನಪಾಯಿತು.

ಉಣ್ಣೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮಾದರಿಗಳನ್ನು ಒಂದರ ಪಕ್ಕ ಒಂದಿಟ್ಟು ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವುದೇ ಸಿರಿಲ್‌ನ ಕೆಲಸ. ಇಂಥವನ ಕಣ್ಣು ಸೊಟ್ಟ ಅಂಚನ್ನು ಸಹಿಸೀತೇ? ನೇರ ಮಾಡಲೆಂದು ತೆಳ್ಳಗೆ ಒಂದು ಹೋಳು ತೆಗೆದ. ತೆಗೆದ ಹೋಳು ಎಲ್ಲಿಗಾದರೂ ಹೋಗಬೇಕಲ್ಲ, ಸಾಸಿವೆ ಸವರಿದ ಬ್ರೆಡ್ಡಿನೊಳಗೆ ಹೋಯಿತು. ಈಗ ಅಂಚು ಆ ಕಡೆಗೆ ವಾಲಿತು. ಇನ್ನೊಂದು ಹೋಳು. ಹನ್ನೆರಡೂವರೆಗೆ ಆರಂಭವಾದ ದುರಸ್ತಿ ಒಂದೂಕಾಲಿಗೆ ಮುಗಿಯಿತು. ಅಂಚು ಇನ್ನೂ ಸೊಟ್ಟಗಿದೆ ಎಂದು ಯಾರೂ ಹೇಳುವಂತಿರಲಿಲ್ಲ. ಏಕೆಂದರೆ ಅಂಚೇ ಉಳಿದಿರಲಿಲ್ಲ.

ಬೆರಳು ನೆಕ್ಕುತ್ತಿದ್ದಾಗ ಅವನ ಕಣ್ಣು ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿದ್ದ ಬೋಗುಣಿಯ ಮೇಲೆ ಬಿತ್ತು. ಸಿಪ್ಪೆ ತೆಗೆದ ಆಲೂಗಡ್ಡೆ, ನೀರಿನಲ್ಲಿ. ಸಿರಿಲ್‌ನ ಬೆರಳು ಬಾಯಲ್ಲೇ ನಿಂತಿತು.

ಮದುವೆಯಾಗಿ ಹತ್ತೊಂಬತ್ತು ವರ್ಷ. ಸೋಮವಾರ ಸಂಜೆಯ ಅಡುಗೆ ಒಮ್ಮೆಯೂ ಬದಲಾಗಿರಲಿಲ್ಲ. ಮಿಕ್ಕ ಬೀಫನ್ನು ಕೊಚ್ಚುವುದು, ಈರುಳ್ಳಿಯೊಂದಿಗೆ ಬಾಡಿಸುವುದು, ಮೇಲೆ ಹಿಸುಕಿದ ಆಲೂಗಡ್ಡೆ ಮುಚ್ಚಿ ಒಲೆಗಿಡುವುದು. ಅರ್ಧ ಗಂಟೆಯಲ್ಲಿ ಊಟ ತಯಾರು. ಇವತ್ತು ವಿಟ್ ಸೋಮವಾರ, ಚರ್ಚಿನ ಹಬ್ಬದ ರಜೆ. ಹೆಂಡತಿ ವಿನಿ ಚರ್ಚಿನ ಹೆಂಗಸರೊಡನೆ ಬೆಳಗ್ಗೆ ಏಳಕ್ಕೇ ಬಸ್ಸು ಹತ್ತಿ ಸ್ಕಾರ್ಬರೊ ಸಮುದ್ರ ನೋಡಲು ಹೋಗಿದ್ದಳು. ಹಾಸಿಗೆಯಲ್ಲಿದ್ದವನಿಗೆ ಮೆಟ್ಟಿಲ ಕೆಳಗಿನಿಂದಲೇ, ಊಟ ಉಗ್ರಾಣದಲ್ಲಿದೆ, ಸಂಜೆ ಆರಕ್ಕೆ ಅಕ್ಕನೂ ಜೊತೆಗೆ ಬರುತ್ತಾಳೆ ಎಂದು ಕೂಗಿ ಹೇಳಿದ್ದಳು.

ಆ ಅಕ್ಕ ಆಗ್ನೆಸ್, ತಂಗಿಯ ಮದುವೆಯ ದಿನವೇ ವರನನ್ನು ಮೇಲಿಂದ ಕೆಳಗೆ ನೋಡಿ, "ಇವನನ್ನ ಸಾಕೋದಕ್ಕಿಂತ ಕುದುರೆ ಸಾಕೋದು ವಾಸಿ, ಅದು ಗಾಡಿನಾದ್ರೂ ಎಳೆಯುತ್ತೆ" ಎಂದವಳು. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೂ ಅದೇ ಮಾತು, ಕುದುರೆ ಮಾತ್ರ ಬೇರೆ. ಶನಿವಾರ ರಾತ್ರಿ ವಿನಿ ಗಂಡನ ಅಂಗಿಯ ಗುಂಡಿ ಹೊಲಿಯುತ್ತಾ ಒಂದೇ ಒಂದು ಕೇಳಿಕೊಂಡಿದ್ದಳು: "ಅಕ್ಕನ ಮುಂದೆ ಒಂದು ದಿನ, ಒಂದೇ ದಿನ, ನನ್ನ ಮರ್ಯಾದೆ ಉಳಿಸು ಸಿರಿಲ್." ಈಗ ಅಕ್ಕನ ಊಟವನ್ನೇ ಅವನು ತಿಂದು ಮುಗಿಸಿದ್ದ.

ರಜೆಯಾದ್ದರಿಂದ ಕಸಾಯಿ ಅಂಗಡಿಗೆ ಬಾಗಿಲು ಹಾಕಿತ್ತು. ತೆರೆದಿದ್ದರೂ ಸಿಗುವುದು ಹಸಿ ಮಾಂಸ. ಮಿಕ್ಕ ಬೀಫು ಯಾವ ಅಂಗಡಿಯಲ್ಲೂ ಮಾರುವ ಸಾಮಾನಲ್ಲ, ಅದು ಆಗುವುದಕ್ಕೆ ಒಂದು ಭಾನುವಾರ ಕಳೆದಿರಬೇಕು. ಆದರೆ ಆ ಬೀದಿಯ ಪ್ರತಿ ಮನೆಯ ಉಗ್ರಾಣದಲ್ಲೂ ಆ ಹೊತ್ತಿಗೆ ಒಂದೊಂದು ತುಂಡು ಬಟ್ಟೆ ಹೊದ್ದು ಮಲಗಿತ್ತು. ಹೋಗಿ ಕೇಳುವಂತಿರಲಿಲ್ಲ. ಅಲ್ಲಿ ಸಕ್ಕರೆ ಕೇಳಬಹುದು, ಏಣಿ ಕೇಳಬಹುದು, ಸಾವಿನ ಮನೆಗೆ ಹೋಗಲು ಕಪ್ಪು ಹ್ಯಾಟು ಕೂಡ ಕೇಳಬಹುದು. ಭಾನುವಾರದ ಬೀಫು ಕೇಳಿದರೆ ಮಾತ್ರ ನಮ್ಮ ಮನೆಯಲ್ಲಿ ಭಾನುವಾರವೇ ಆಗಿಲ್ಲ ಎಂದು ಡಂಗುರ ಸಾರಿದಂತೆ.

ಸಿರಿಲ್ ಯೋಚಿಸಿದ. ಒಂದೇ ಮನೆಯಿಂದ ಅಷ್ಟೂ ತರುವುದು ಅಸಾಧ್ಯ. ಮೂರು ಮನೆಯಿಂದ ಸ್ವಲ್ಪ ಸ್ವಲ್ಪ, ಬೇರೆ ಬೇರೆ ಕಾರಣ ಹೇಳಿ ತಂದರೆ ಯಾರಿಗೂ ಅನುಮಾನ ಬಾರದು. ಲೆಕ್ಕ ಸರಿಯಾಗಿಯೇ ಇತ್ತು. ಈ ಮೂರೂ ಮನೆಗಳ ಹಿತ್ತಿಲಿಗೆ ಇರುವುದು ಒಂದೇ ಮೋಟುಗೋಡೆ ಎಂಬ ಅಂಶವೊಂದು ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ಮೊದಲು ಪಕ್ಕದ ಮನೆಯ ಮಿಸೆಸ್ ಆಗ್ಡೆನ್. ಹತ್ತು ನಿಮಿಷ ಮೋಡದ ಬಗ್ಗೆ, ಐದು ನಿಮಿಷ ಆಕೆಯ ಮಂಡಿಯ ಬಗ್ಗೆ ಮಾತಾಡಿದ ಮೇಲೆ ಸಿರಿಲ್ ಗಂಟಲು ಸರಿಮಾಡಿಕೊಂಡ. ವಿನಿಯ ರೋಸ್ಟು ಈಚೆಗೆ ಯಾಕೋ ಬಿಳಿಚಿಕೊಳ್ಳುತ್ತಿದೆ, ನಿಮ್ಮದರ ಬಣ್ಣ ಬಲು ಚಂದ ಎಂದು ಕೇಳಿದ್ದೇನೆ, ಎರಡು ಹೋಳು ಮಾದರಿಗೆ ಸಿಕ್ಕರೆ ಪಕ್ಕಪಕ್ಕ ಇಟ್ಟು ನೋಡಬಹುದಿತ್ತು ಎಂದ. ಮಿಸೆಸ್ ಆಗ್ಡೆನ್ ಇಪ್ಪತ್ತು ವರ್ಷದಿಂದ ಇಂಥ ಒಂದು ಮಾತಿಗಾಗಿಯೇ ಕಾಯುತ್ತಿದ್ದವರಂತೆ ಎದ್ದರು. ಎರಡು ಹೋಳು ಕೇಳಿದವನಿಗೆ ಮುಕ್ಕಾಲು ತುಂಡೇ ಸಿಕ್ಕಿತು.

"ವಿನಿಗೆ ನಾನು ಹೇಳೋದಿಲ್ಲಪ್ಪ," ಎಂದರು, ಹೇಳುವುದಕ್ಕೆ ಈಗಾಗಲೇ ಯಾರಾದರೂ ಸಿಗುತ್ತಾರೆಯೇ ಎಂದು ಅವನ ಭುಜದಾಚೆ ಬೀದಿ ನೋಡುತ್ತಾ.

ಎರಡನೆಯದು ವಾಲ್ಟರ್ ಕ್ರಾಬ್‌ಟ್ರೀ, ಗಿರಣಿಯಿಂದ ನಿವೃತ್ತನಾದವನು. ಗಂಡಸರ ಮುಂದೆ ಅಡುಗೆಯ ಮಾತು ಬೇಡವೆಂದು ಸಿರಿಲ್, ಕಾಲುವೆಗೆ ಮೀನು ಹಿಡಿಯಲು ಹೊರಟಿದ್ದೇನೆ, ಗಾಳಕ್ಕೆ ಸ್ವಲ್ಪ ಬೀಫು ಬೇಕಿತ್ತು ಎಂದ. ಅದು ತಪ್ಪಾಯಿತು. ಮೀನು ವಾಲ್ಟರ್‌ನ ಧರ್ಮ. ಬೀಫು ಹಾಕಿದರೆ ಬರುವುದು ಕಸದ ಮೀನು, ಎರೆಹುಳು ಕೊಡುತ್ತೇನೆ ಎಂದು ಹಿತ್ತಿಲು ಅಗೆಯತೊಡಗಿದ. ಎರೆಹುಳು ಕಂಡರೆ ನನಗೆ ತಲೆ ಸುತ್ತುತ್ತದೆ ಎಂದು ಬೇಡಿಕೊಂಡ ಮೇಲೆ, ಮುಷ್ಟಿಗಾತ್ರದ ಬೀಫು, ಒಂದು ಡಬ್ಬಿ ಹುಳು, ಮಾರುದ್ದದ ಗಾಳದ ಕೋಲು ಮೂರನ್ನೂ ಕೊಟ್ಟು, ಬೀದಿಯ ಕೊನೆಯವರೆಗೂ ಬಂದು ಕಳಿಸಿಕೊಟ್ಟ. ಸಿರಿಲ್ ಕಾಲುವೆಯ ದಾರಿ ಹಿಡಿದು, ಚಾಪೆಲ್ ಸುತ್ತಿ, ಹಿಂದಿನ ಓಣಿಯಿಂದ ಕೋಲು ಹೊತ್ತು ಕಳ್ಳನಂತೆ ವಾಪಸಾದ. ಆಗ ಮೂರೂವರೆ.

ಓಣಿಯಲ್ಲಿ ಮಿಸ್ ಲಮ್ ಎದುರಾದರು. ಮೂವತ್ತೆಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಅರ್ಧ ಊರಿಗೆ ಈಗಲೂ ಅವರನ್ನು ಕಂಡರೆ ಉಗುರು ಸ್ವಚ್ಛವಾಗಿದೆಯೇ ಎಂದು ನೋಡಿಕೊಳ್ಳುವ ಅಭ್ಯಾಸ. ಅವರನ್ನು ಕಂಡ ಗಾಬರಿಗೆ ಕೋಲು ಗೋಡೆಗೆ ತಗುಲಿ ತುದಿ ಅವನ ಹುಬ್ಬಿಗೇ ಬಡಿಯಿತು; ಕನ್ನಡಕ ಒರೆಸಿಕೊಳ್ಳುತ್ತಿದ್ದ ಅವರಿಗೆ ಅದು ಕಾಣಲಿಲ್ಲ. ನೋವಾದರೂ ಸಿರಿಲ್‌ಗೆ ಅದು ದೇವರೇ ಕೊಟ್ಟ ನೆಪದಂತೆ ಕಂಡಿತು. ಕಣ್ಣು ಮುಚ್ಚಿಕೊಂಡು, ಊತಕ್ಕೆ ಬೀಫು ಒಳ್ಳೆಯದಂತಲ್ಲವೇ ಎಂದು ನರಳಿದ.

"ಅದು ಹಸಿ ಬೀಫು, ಹೆಪ್‌ವರ್ತ್. ಬೇಯಿಸಿದ್ದಲ್ಲ," ಎಂದು ಮಿಸ್ ಲಮ್ ತಿದ್ದಿದರು. "ಆದರೂ ತಂಪಿಗೆ ತಂಪೇ. ಒಳಗೆ ಬಾ, ಕಾಲು ಒರೆಸಿಕೊ."

ಬೆಕ್ಕಿಗೆಂದು ಇಟ್ಟಿದ್ದ ಐದು ಹೋಳು ತಂದು, ಒಂದನ್ನು ಕಣ್ಣಿನ ಮೇಲಿಟ್ಟು, ಅರ್ಧ ತಲೆ ಮುಚ್ಚುವಂತೆ ಬ್ಯಾಂಡೇಜು ಸುತ್ತಿ, ಉಳಿದ ನಾಲ್ಕನ್ನು ಕಾಗದದಲ್ಲಿ ಕಟ್ಟಿ, ಗಂಟೆಗೊಮ್ಮೆ ಬದಲಿಸಬೇಕೆಂದು ಆಜ್ಞೆ ಮಾಡಿದರು. ಮನೆಗೆ ಬಂದು ಬಿಚ್ಚಲು ನೋಡಿದರೆ ಮಿಸ್ ಲಮ್ ಹಾಕಿದ ಗಂಟು ತಲೆಮಾರುಗಳ ಮಕ್ಕಳ ಬೂಟಿನ ದಾರ ಕಟ್ಟಿ ಪಳಗಿದ್ದು, ಅಲುಗಲಿಲ್ಲ.

ಒಂದೇ ಕಣ್ಣಿನಲ್ಲಿ ಸಿರಿಲ್ ತಟ್ಟೆ ಜೋಡಿಸಿದ. ಆಗ್ಡೆನ್ನರದು ಕೆಂಗಂದು, ಕ್ರಾಬ್‌ಟ್ರೀಯದು ಕಪ್ಪು, ಲಮ್ ಅವರದು ಬೂದು. ಸಂದುಗಳಿಗೆ ಮಿಕ್ಕಿದ್ದ ಗ್ರೇವಿ ಸುರಿದು, ಬಟ್ಟೆ ಹೊದಿಸಿ, ಐದು ಗಂಟೆಗೆ ಕುರ್ಚಿಯಲ್ಲಿ ಕುಸಿದ.

ಅದೇ ಹೊತ್ತಿಗೆ ಮೋಟುಗೋಡೆಯ ಹತ್ತಿರ ಮೂವರು ಸೇರಿದ್ದರು. ವಿನಿಯ ರೋಸ್ಟು ಬಿಳಿಚಿತು ಎಂದು ಸಿರಿಲ್ ಆಡಿಕೊಂಡದ್ದನ್ನು ಮಿಸೆಸ್ ಆಗ್ಡೆನ್ ಹೇಳಿದರು. ಹುಳು ಕಂಡರೆ ಹೆದರುವವನು ಮೀನು ಹಿಡಿಯುವ ನೆಪದಲ್ಲಿ ಮನೆ ಬಿಟ್ಟು ಓಡಿದ್ದನ್ನು ವಾಲ್ಟರ್ ಹೇಳಿದ. ಊದಿದ ಕಣ್ಣಿನ ವಿಷಯ ಮಿಸ್ ಲಮ್ ಹೇಳಿದರು. ವಿನಿ ಬೆಳಗ್ಗೆಯೇ ಊರು ಬಿಟ್ಟದ್ದು ಮೂವರಿಗೂ ಗೊತ್ತಿರಲಿಲ್ಲ; ಮೂರನ್ನೂ ಕೂಡಿಸಿದರೆ ಉತ್ತರ ಒಂದೇ ಬರುತ್ತಿತ್ತು.

ಆರಕ್ಕೆ ಐದು ನಿಮಿಷವಿರುವಾಗ ವಿನಿ, ಆಗ್ನೆಸ್ ಬಂದರು. ಬಿಸಿಲಿಗೆ ಇಬ್ಬರ ಮೂಗೂ ಕೆಂಪಾಗಿತ್ತು. ವಿನಿ ಗಂಡನ ಬ್ಯಾಂಡೇಜು ನೋಡಿ, ಏನಾಯಿತೆಂದು ಕೇಳಿ, ಕೋಲು ತಾಗಿತು ಎಂಬ ಉತ್ತರಕ್ಕೆ ತುಟಿ ಬಿಗಿದು ನೇರ ಉಗ್ರಾಣಕ್ಕೆ ಹೋದಳು. ಬಟ್ಟೆ ಎತ್ತಿದ ಸದ್ದು ಸಿರಿಲ್‌ಗೆ ಕೇಳಿಸಿತು. ಆಮೇಲೆ ವಿನಿ ತಟ್ಟೆಯನ್ನೇ ಎತ್ತಿಕೊಂಡು ಹೊರಗೆ ಬಂದಳು.

"ಸಿರಿಲ್, ಇದನ್ನ ನೀನು ಮುಟ್ಟೇ ಇಲ್ಲ."

"ಇಲ್ಲಮ್ಮ," ಎಂದ ಸಿರಿಲ್ ಹೆಮ್ಮೆಯಿಂದ.

"ನಿನ್ನ ಮಧ್ಯಾಹ್ನದ ಊಟಕ್ಕೆ ಅಂತ ಇಟ್ಟುಹೋಗಿದ್ದು ಇದು. ಅಕ್ಕ ಬರೋ ದಿನ ಮಿಕ್ಕಿದ್ದು ಬಡಿಸ್ತೀನಾ ನಾನು?" ವಿನಿ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಬಂದರಿನಲ್ಲೇ ಕೊಂಡ ಹ್ಯಾಡಕ್ ಮೀನು, ಮೂರು. ಆಲೂಗಡ್ಡೆ ಅದರ ಜೊತೆ ಕರಿಯುವುದಕ್ಕೆ. "ನೀನು ಅದನ್ನ ಖಾಲಿ ಮಾಡಿರ್ತೀಯ ಅಂದ್ಕೊಂಡಿದ್ದೆ. ನೋಡಿದ್ರೆ ಇಟ್ಟದ್ದಕ್ಕಿಂತ ಜಾಸ್ತಿ ಇರೋ ಹಾಗಿದೆ."

ಮಧ್ಯಾಹ್ನವೇ ಎಲ್ಲ ತಿಂದೆ ಎಂಬ ಸತ್ಯ ಸಿರಿಲ್‌ನ ನಾಲಿಗೆಯ ತುದಿಗೆ ಬಂತು. ಹಾಗಾದರೆ ತಟ್ಟೆಯಲ್ಲಿರುವುದು ಏನು ಎಂಬ ಪ್ರಶ್ನೆಯೂ ಹಿಂದೆಯೇ ಬಂತು. ಎರಡನ್ನೂ ನುಂಗಿದ. ಅಷ್ಟರಲ್ಲಿ ಬಾಗಿಲು ತಟ್ಟದೆಯೇ ಮಿಸೆಸ್ ಆಗ್ಡೆನ್ ಒಳಬಂದರು. ಹಿಂದೆ ಮಿಸ್ ಲಮ್, ಹೊಸ್ತಿಲಾಚೆ ವಾಲ್ಟರ್.

"ವಿನಿ, ಇದು ನಮ್ಮ ವಿಷಯ ಅಲ್ಲ," ಎಂದರು ಮಿಸೆಸ್ ಆಗ್ಡೆನ್. "ಆದರೂ ಹೇಳ್ತೀನಿ. ರೋಸ್ಟು ಬಿಳಿಚಿದೆ ಅಂತ ಗಂಡ ಅಂದ, ಸರಿ. ಅದಕ್ಕೆ ಕಣ್ಣಿಗೆ ಹೊಡೆಯೋದು ಬೇಡಿತ್ತು."

ವಿನಿ ಗಂಡನನ್ನು ನೋಡಿದಳು. ಗಂಡ ಉಳಿದ ಒಂದು ಕಣ್ಣಿನಿಂದ ನೆಲ ನೋಡಿದ. ಮೊದಲು ಅಲುಗಿದವಳು ಆಗ್ನೆಸ್. ಎದ್ದು ಬಂದು ಬ್ಯಾಂಡೇಜನ್ನು ಹತ್ತಿರದಿಂದ ಪರೀಕ್ಷಿಸಿ, ಬೆಳಗ್ಗೆ ಹೊರಡುವ ಮುಂಚೆಯೇ ಬಿದ್ದ ಏಟಿರಬೇಕೆಂದು ತೀರ್ಮಾನಿಸಿದವಳಂತೆ ತಂಗಿಯ ಹೆಗಲ ಮೇಲೆ ಕೈಯಿಟ್ಟಳು. ಆ ಕೈ ಹತ್ತೊಂಬತ್ತು ವರ್ಷದಲ್ಲಿ ಅಲ್ಲಿಗೆ ಬಂದದ್ದು ಅದೇ ಮೊದಲು.

"ತಡವಾಯ್ತು ವಿನಿ. ಆದ್ರೂ ಪರವಾಗಿಲ್ಲ, ನೀನು ನಮ್ಮಮ್ಮನ ಮಗಳೇ."

ವಿನಿ ಅಲ್ಲವೆನ್ನಲು ಬಾಯಿ ತೆರೆದಳು. ಅಕ್ಕನ ಮುಖದಲ್ಲಿದ್ದ ಗೌರವ ನೋಡಿ ಮೆಲ್ಲಗೆ ಮುಚ್ಚಿದಳು. ಬೀಫಿನ ಮುಕ್ಕಾಲು ಪಾಲು ಯಾರಿಗೋ ಮಾದರಿಗೆ ಕೊಟ್ಟು ಸಂಜೆಗೆ ಸಾಲುವಷ್ಟು ಉಳಿದಿಲ್ಲವೆಂದು ಮಿಸೆಸ್ ಆಗ್ಡೆನ್ ಗೊಣಗಿದಾಗ, ಮೂರನೆಯ ಮೀನನ್ನು ಕಾಗದದಲ್ಲಿ ಸುತ್ತಿ ಅವರ ಕೈಗಿಟ್ಟು ಎಲ್ಲರನ್ನೂ ಸಾಗಹಾಕಿದಳು. ನಮ್ಮ ಮನೆಯಲ್ಲಿ ಅದನ್ನು ತಿನ್ನುವವರಿಲ್ಲ, ಸಿರಿಲ್‌ಗೆ ಬೀಫಿದೆ ಎಂದಳು.

ಮೀನು ಕರಿಯುವ ಪರಿಮಳದ ನಡುವೆ ಸಿರಿಲ್ ಬೂದು ಹೋಳೊಂದನ್ನು ಅಗಿಯುತ್ತಾ ಕುಳಿತ. ಅಕ್ಕ ಕೈ ತೊಳೆಯಲು ಹಿತ್ತಿಲಿಗೆ ಹೋದ ಸಮಯ ನೋಡಿ ತಲೆಯ ಹಿಂದೆ ಕೈಹಾಕಿ ಗಂಟು ಎಳೆಯತೊಡಗಿದ. ವಿನಿ ಬಾಣಲೆ ಬಿಟ್ಟು ಬಂದು ಅವನ ಕೈ ಸರಿಸಿದಳು. ಸಿಟ್ಟಿನಿಂದಲ್ಲ, ತೀರ ಮೃದುವಾಗಿ. ಬ್ಯಾಂಡೇಜನ್ನು ಇನ್ನೊಂದು ಸುತ್ತು ಬಿಗಿದಳು.

"ಇರ್ಲಿ ಬಿಡು. ಅಕ್ಕ ಹೋಗೋತನಕ."

"ಊಟ ಆದಮೇಲೆ ಹೋಗ್ತಾಳಲ್ಲ?"

"ಹಾಗೇ ಅಂದ್ಕೊಂಡಿದ್ದೆ," ಎಂದಳು ವಿನಿ, ಬಾಣಲೆಯ ಕಡೆ ತಿರುಗುತ್ತಾ. "ಈಗ ತಾನೇ ಮನಸ್ಸು ಬದಲಾಯಿಸಿದಳು. ನನ್ನ ಜೊತೆ ಶನಿವಾರದ ತನಕ ಇರ್ತಾಳಂತೆ."